ಶನಿವಾರ ಮಾತ್ರ ದೇವರದು

ಹೋದ ತಿಂಗಳು ನನ್ನ ರಾಮಕೋಟಿ ಪುಸ್ತಕ ತುಂಬಿತು. ಹೊಸದು ತರೋಣವೆಂದು ಜಯನಗರ ನಾಲ್ಕನೇ ಬ್ಲಾಕಿನ ಹಳೆಯ ಸ್ಟೇಷನರಿ ಅಂಗಡಿಗೆ ಹೋದೆ. ಅಂಗಡಿಯವರು ಅಟ್ಟದ ಸಾಮಾನನ್ನೆಲ್ಲ ಕೆಳಗಿಳಿಸಿ ಧೂಳು ಕೊಡವುತ್ತಿದ್ದರು. ಕೌಂಟರಿನ ಮೇಲೆ ಒಂದು ಚಪ್ಪಟೆ ಡಬ್ಬಿ, ಅದರೊಳಗೆ ಕಾರ್ಬನ್ ಕಾಗದ. “ಇದನ್ನ ಈಗ ಯಾರೂ ಕೇಳಲ್ಲಮ್ಮ, ಎಸೀಬೇಕು,” ಎಂದರು. ನಾನು ಒಂದು ಹಾಳೆ ಎತ್ತಿ ಮೂಗಿನ ಹತ್ತಿರ ಹಿಡಿದೆ. ಮೇಣಕ್ಕೆ ಸ್ವಲ್ಪ ಸೀಮೆಎಣ್ಣೆ ತಾಗಿದ ಹಾಗಿರುವ ಆ ವಾಸನೆ… ಅಂಗಡಿಯವರು ಏನಂದುಕೊಂಡರೋ ಗೊತ್ತಿಲ್ಲ. ನನಗೆ ಮಾತ್ರ ಏಳನೇ ಬ್ಲಾಕಿನ ನಮ್ಮ ಬಾಡಿಗೆ ಮನೆ, ಅದರ ಹೊರಗಿನ ಮಹಡಿ ಮೆಟ್ಟಿಲು, ಆ ಮೆಟ್ಟಿಲ ಮೇಲೆ ಕುಳಿತು ಎರಡು ಫಾರಂಗಳ ನಡುವೆ ಕಾರ್ಬನ್ ಸೇರಿಸುತ್ತಿದ್ದ ಮಾಮಿ, ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂದು ನಿಂತಿತು.

ಮಾಮಿ ನಮ್ಮ ನೆಂಟರಲ್ಲ. ನಾವು ಕೆಳಗಿನ ಮನೆಯಲ್ಲಿ ಬಾಡಿಗೆಗಿದ್ದೆವು, ಅವರು ಮೇಲಿನ ಒಂಟಿ ಕೋಣೆಯಲ್ಲಿ. ತಮಿಳರಾದ್ದರಿಂದ ಬೀದಿಯವರೆಲ್ಲ ಮಾಮಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಇಪ್ಪತ್ತು ತುಂಬುವುದರೊಳಗೆ ಗಂಡನನ್ನು ಕಳೆದುಕೊಂಡು, ಅಣ್ಣನ ಮನೆಯಲ್ಲಿದ್ದುಕೊಂಡೇ ಓದಿ, ಪರೀಕ್ಷೆ ಕಟ್ಟಿ, ಸಮೀಕ್ಷೆ ಮಾಡುವ ಒಂದು ಆಫೀಸಿನಲ್ಲಿ ಕೆಲಸ ಹಿಡಿದವರು. ನಾನು ನೋಡುವ ಹೊತ್ತಿಗೆ ಅವರಿಗೆ ಐವತ್ತು ದಾಟಿತ್ತು. ಮಾಸಲು ಬಣ್ಣದ ನೂಲಿನ ಸೀರೆ, ಹಣೆಯಲ್ಲಿ ವಿಭೂತಿಯ ಒಂದು ಎಳೆ, ಕೈಯಲ್ಲಿ ಕಪ್ಪು ಕೊಡೆ, ಕಾಲಲ್ಲಿ ಗಂಡಸರ ಚಪ್ಪಲಿ. ಹೆಂಗಸರ ಚಪ್ಪಲಿಯ ಪಟ್ಟಿ ಹಳ್ಳಿ ದಾರಿಯಲ್ಲಿ ಮೂರು ದಿನ ತಡೆಯುವುದಿಲ್ಲ ಎನ್ನುತ್ತಿದ್ದರು. ಬೀದಿಯಲ್ಲಿ ಅದನ್ನು ನೋಡಿ ನಗುವವರಿದ್ದರು. ಮಾಮಿ ಅವರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆ ಅದು. ಬನಶಂಕರಿಯಿಂದ ಆಚೆ ರಾಗಿ ಹೊಲಗಳಲ್ಲಿ ನಂಬರು ಬರೆದ ಸೈಟಿನ ಕಲ್ಲುಗಳು ಏಳುತ್ತಿದ್ದ ಕಾಲ. ನಮ್ಮ ಯಜಮಾನರು ಬೆಳಿಗ್ಗೆ ಪೇಪರ್ ಓದುತ್ತ ಮಾಮಿಯನ್ನು ಕೆಣಕುವುದಿತ್ತು.

“ನೋಡಿ ಮಾಮಿ, ಮೂರನೇ ಸ್ಟೇಜ್ ಕಡೆ ಎಷ್ಟು ಮನೆ ಏಳ್ತಿವೆ. ಊರು ಮುಂದುವರೀತಿದೆ ಅನ್ನಿ.”

“ಸೈಟು ಮುಂದುವರೀತು ಸಾರ್, ಒಪ್ಪಿದೆ. ಆ ಸೈಟಿನ ಪಕ್ಕದ ಮನೆಯವಳು ನಿನ್ನೆ ಎಷ್ಟು ಹೊತ್ತಿಗೆ ಊಟ ಮಾಡಿದ್ಲು ಅಂತ ಕೇಳೋಕೆ ನನಗೆ ಸಂಬಳ ಕೊಡ್ತಾರೆ.”

“ಅದಕ್ಕೂ ಸಂಬಳಾನಾ?” ಎಂದು ಅವರು ನಕ್ಕರು. ಮಾಮಿಯೂ ನಕ್ಕರು.

ನನಗೆ ಆ ಫಾರಂ ಮೇಲೆ ಮೊದಲಿಂದಲೂ ಕುತೂಹಲ. ಸಂಜೆ ಮೆಟ್ಟಿಲ ಮೇಲೆ ಅವರ ಪಕ್ಕ ಕುಳಿತು ಕಾರ್ಬನ್ ಜೋಡಿಸಿಕೊಡುವಾಗ ಓದುತ್ತಿದ್ದೆ. ನೀರು ಎಷ್ಟು ದೂರ, ತರುವವರು ಯಾರು? ಹುಷಾರು ತಪ್ಪಿದರೆ ಮೊದಲು ಯಾರಿಗೆ ಹೇಳುತ್ತೀರಿ? ತವರಿಗೆ ಹೋಗಬೇಕೆನ್ನಿಸಿದರೆ ಹೋಗಬಹುದೆ, ಕೇಳಿ ಹೋಗಬೇಕೆ? ಹೆಣ್ಣುಮಗು ಸ್ಕೂಲು ಬಿಟ್ಟಿದ್ದರೆ ಯಾಕೆ? ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು, ಅವರು ಕಳೆದ ವಾರದಲ್ಲಿ ಯಾವ ಯಾವ ಹೊತ್ತು ಉಣ್ಣಲಿಲ್ಲ? ಮದುವೆಯಾಗಿ ಎಂಟು ವರ್ಷವಾಗಿತ್ತು. ಇದರಲ್ಲಿ ಒಂದು ಪ್ರಶ್ನೆಯನ್ನೂ ನನ್ನನ್ನು ಯಾರೂ ಕೇಳಿರಲಿಲ್ಲ.

“ಇದೆಲ್ಲ ಸರ್ಕಾರಕ್ಕೆ ಯಾಕೆ ಮಾಮಿ?” ಎಂದೆ ಒಂದು ದಿನ.

“ಸರ್ಕಾರ ಒಂದೇ ಅಲ್ಲಮ್ಮ, ಹೊರದೇಶದ ದೊಡ್ಡ ದೊಡ್ಡವರೂ ಕೇಳ್ತಿದಾರೆ. ಇಷ್ಟು ದಿನ ಒಂದು ದೇಶ ಎಷ್ಟು ಸಂಪಾದಿಸ್ತು ಅಂತ ಮಾತ್ರ ನೋಡ್ತಿದ್ರು. ಈಗ ಯಾರಿಗೋ ಒಬ್ಬರಿಗೆ ಡೌಟ್ ಬಂದಿದೆ.”

“ಏನಂತ?”

“ಸಂಪಾದಿಸಿದ್ದು ಯಾರ ತಟ್ಟೆಗೆ ಬಿತ್ತು ಅಂತ.”

ಆ ಸಲದ ಕೆಲಸ ಇಟ್ಟಮಡುವಿನಲ್ಲಿ. ಅದರ ಜೊತೆಗೇ ಇನ್ನೊಬ್ಬರು ಕನಕಪುರ ರಸ್ತೆಯಲ್ಲಿ ಅಂಜನಾಪುರದ ಕಡೆಯ ಒಂದು ಊರಿನಲ್ಲಿ ಕೇಳುತ್ತಿದ್ದರು. ಎರಡರ ಫಾರಂಗಳನ್ನೂ ಹೋಲಿಸಿ ನೋಡಿ, ಬಾಣಂತಿಯರಿಗೆ, ಬಸುರಿಯರಿಗೆ, ಸಣ್ಣ ಮಕ್ಕಳಿಗೆ ಮಧ್ಯಾಹ್ನದ ಬಿಸಿ ಊಟ ಹಾಕುವ ಒಂದು ಕೇಂದ್ರವನ್ನು ಆ ವರ್ಷ ಒಂದು ಊರಿಗೆ ಕೊಡುತ್ತಾರೆ ಎಂದು ಮಾಮಿ ಹೇಳಿದ್ದರು. ಒಂದೇ ಊರಿಗೆ.

ಮೊದಲ ವಾರ ಅವರು ಇಟ್ಟಮಡುವಿಂದ ಬೇಗ ಬಂದುಬಿಡುತ್ತಿದ್ದರು. ಫಾರಂ ಖಾಲಿ. ಮೂರನೇ ದಿನ ನನ್ನನ್ನು ಮೆಟ್ಟಿಲ ಹತ್ತಿರ ಕರೆದು, ಹವಾಮಾನದ ಸುದ್ದಿ ಓದುವವರ ಹಾಗೆ ಹೇಳಿದರು: “ಬೆಳಿಗ್ಗೆ ಬೆಳಿಗ್ಗೆ ನನ್ನ ಹಣೆ ನೋಡಿ ಬಾಗಿಲು ಹಾಕ್ಕೋತಾರೆ ಕಣಮ್ಮ. ನಿನ್ನ ಹಣೆ ನೋಡಿದ್ರೆ ತೆಗೀತಾರೆ. ನೀನು ಮುಂದೆ ನಡಿ, ನಾನು ಹಿಂದೆ ಬರ್ತೀನಿ.”

ನಾನೂ ಹಾಗೆ ಬೆಳೆದವಳೇ. ಹಬ್ಬದ ದಿನ ಹೊರಗೆ ಹೊರಡುವಾಗ ಮಾಮಿ ಎದುರಾಗದಿರಲಿ ಎಂದು ಒಂದು ಗಳಿಗೆ ಬಾಗಿಲ ಹಿಂದೆ ನಿಂತದ್ದುಂಟು. ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಂತದ್ದುಂಟು.

ಅತ್ತೆಯವರನ್ನು ಒಪ್ಪಿಸುವ ಕೆಲಸವನ್ನು ಮಾಮಿಯೇ ವಹಿಸಿಕೊಂಡರು.

“ಕಂಡೋರ ಮನೆ ಬಾಗಿಲಿಗೆ ಸೊಸೇನ ಕಳಿಸೋದು ಹೇಗೆ ಮಾಮಿ?” ಎಂದರು ಅತ್ತೆ.

“ಮಂಗಳವಾರ, ಶುಕ್ರವಾರ ಮಾತ್ರ ಅಮ್ಮ. ದಾರೀಲಿ ಬನಶಂಕರಿ ಅಮ್ಮನ ದರ್ಶನ. ರಾಹುಕಾಲಕ್ಕೆ ನಿಂಬೆಹಣ್ಣಿನ ದೀಪ ಹಚ್ಚಿಸಿಕೊಂಡು ಬರ್ತೀನಿ.”

“ಹಾಗಾದ್ರೆ ನನ್ನ ಹೆಸರಲ್ಲೂ ಒಂದು ಹಚ್ಚು,” ಎಂದರು ಅತ್ತೆ ನನ್ನ ಕಡೆ ತಿರುಗಿ. ಅಲ್ಲಿಗೆ ಮುಗಿಯಿತು.

ಮಕ್ಕಳು ಸ್ಕೂಲಿಗೆ ಹೋದಮೇಲೆ ನಾವಿಬ್ಬರೂ ಬನಶಂಕರಿವರೆಗೆ ಬಸ್ಸಿನಲ್ಲಿ ಹೋಗಿ, ಅಮ್ಮನಿಗೆ ಕೈಮುಗಿದು, ಅಲ್ಲಿಂದ ನಡೆಯುತ್ತಿದ್ದೆವು. ಕಲ್ಲು ನೆಟ್ಟ ಹೊಲ, ಅರ್ಧ ಎದ್ದ ಗೋಡೆಗಳು, ಸಿಮೆಂಟಿನ ಚೀಲ ಹೊದ್ದು ಕುಳಿತ ಇಟ್ಟಿಗೆಯ ರಾಶಿ. ಅದನ್ನೆಲ್ಲ ದಾಟಿದರೆ ಊರು. ನಾನು ಮುಂದೆ ಹೋಗಿ “ಅಮ್ಮಾ” ಎನ್ನುತ್ತಿದ್ದೆ. ಬಾಗಿಲು ತೆರೆಯುತ್ತಿತ್ತು. ಒಳಗೆ ಕಾಲಿಟ್ಟ ಮೇಲೆ ಮಾಮಿಯ ಕೆಲಸ ಶುರು.

ಅವರ ರೀತಿಯೇ ಬೇರೆ. ಊಟ ಆಯ್ತಾ ಎಂದು ಕೇಳಲೇಬಾರದು ಎಂದು ಮೊದಲ ದಿನವೇ ನನಗೆ ಹೇಳಿಕೊಟ್ಟಿದ್ದರು. ಅದನ್ನು ಕೇಳಿದರೆ ಯಾರಾದರೂ ಆಯ್ತು ಎಂದೇ ಹೇಳುತ್ತಾರೆ, ಅದು ನಮಸ್ಕಾರದ ಹಾಗೆ. ಮಾಮಿ ಕೇಳುತ್ತಿದ್ದದ್ದು, “ನಿನ್ನೆ ಏನು ಮಾಡಿದ್ರಿ? ಮೊದಲು ಯಾರು ಕೂತ್ರು? ಆಮೇಲೆ? ನಿಮಗೆ ಬಡಿಸಿದ್ದು ಯಾರು?” ಈ ಕೊನೆಯ ಮಾತು ಫಾರಂನಲ್ಲಿ ಇರಲೇ ಇಲ್ಲ, ಮಾಮಿ ಸೇರಿಸಿಕೊಂಡದ್ದು. ಅದನ್ನು ಕೇಳಿದ ಕೂಡಲೇ ಹೆಂಗಸರು ನಗುತ್ತಿದ್ದರು, ನಕ್ಕ ಮೇಲೆ ಮಾತು ತಾನಾಗಿ ಬರುತ್ತಿತ್ತು. ಒಬ್ಬ ಅಜ್ಜಿ ಎಲೆಅಡಿಕೆ ಕುಟ್ಟುತ್ತ ಹೇಳಿದ್ದು ಇನ್ನೂ ಕಿವಿಯಲ್ಲಿದೆ: “ನಂಗಾ? ಮೊದಲ್ನೇ ಬಾಣಂತನದಾಗೆ ನಮ್ಮವ್ವ ಬಡುಸಿದ್ಲು. ಇನ್ನ ತಿಥಿ ದಿನ ಇವ್ರೆಲ್ಲಾ ಎಡೆಗೆ ಬಡುಸ್ತಾರೆ. ಮಧ್ಯದಾಗೆ ಯಾರೂ ಇಲ್ಲ ಕಣವ್ವ.” ಅಜ್ಜಿಯ ಸೊಸೆ ಬಾಯಿಗೆ ಸೆರಗು ಒತ್ತಿಕೊಂಡಳು. ಮಾಮಿ ಮಾತ್ರ ತಲೆಯೆತ್ತದೆ ಬರೆದರು.

ಹೋದ ಮನೆಗಳಲ್ಲಿ ಮಾಮಿ ನೀರು ಕೂಡ ಕುಡಿಯುತ್ತಿರಲಿಲ್ಲ. ನಾನು ಮಡಿ ಇರಬೇಕು ಎಂದುಕೊಂಡಿದ್ದೆ. ಅದಲ್ಲ. ಕೇಳಲು ಹೋದ ಮನೆಯಲ್ಲಿ ಏನೂ ತಿನ್ನಬಾರದು, ತಿಂದರೆ ಆ ಮನೆಯ ಒಂದು ತುತ್ತು ಕಡಿಮೆ ಬರೆದ ಹಾಗೆ, ಎನ್ನುತ್ತಿದ್ದರು.

ನಾಲ್ಕನೇ ವಾರ ಮಾಮಿಗೆ ಟೈಫಾಯಿಡ್ ಬಂತು. ಮೇಲೆ ಮಲಗಿಬಿಟ್ಟರು. ಅತ್ತೆಯವರೇ ಗಂಜಿ ಮಾಡಿ ಕಳಿಸುತ್ತಿದ್ದರು. ಊರಿನಲ್ಲಿ ಒಂದೇ ಒಂದು ಬೀದಿ ಉಳಿದಿತ್ತು. ಫಾರಂ ಒಪ್ಪಿಸುವ ದಿನ ಹತ್ತಿರ ಬರುತ್ತಿತ್ತು. ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿದವಳು, ಅಕ್ಷರ ದುಂಡಗಿತ್ತು, ಮಾಮಿ ಕೇಳುವುದನ್ನು ಮೂರು ವಾರ ಪಕ್ಕದಲ್ಲೇ ಕುಳಿತು ನೋಡಿದ್ದೆ. “ನಾನೇ ಹೋಗಿ ಬರ್ತೀನಿ ಮಾಮಿ,” ಎಂದೆ. ಹೊರಗಿನವರು ಬರೆಯಬಾರದೆಂದು ನಿಯಮವಿದೆ ಎಂದರು. ಆಮೇಲೆ ಕಣ್ಣು ಮುಚ್ಚಿಕೊಂಡು, “ರಟ್ಟು ಮೇಜಿನ ಮೇಲಿದೆ, ತೊಗೊಂಡು ಹೋಗು,” ಎಂದರು.

ಆ ರಟ್ಟಿಗೆ ಫಾರಂ ಸಿಕ್ಕಿಸಿಕೊಂಡು ಒಬ್ಬಳೇ ನಡೆದ ದಿನ ನನಗೆ ಎಂಥ ಹೆಮ್ಮೆ! ಎಂಟು ವರ್ಷ ಸೌಟು ಹಿಡಿದ ಕೈಯಲ್ಲಿ ಪೆನ್ನು.

ಆ ಬೀದಿಯಲ್ಲಿ ಹುಣಸೆಮರದ ಪಕ್ಕ ಒಂದು ಮನೆ. ಅದರ ಒಡತಿ ನನ್ನ ವಯಸ್ಸಿನವಳೇ. ತೊಡೆಯ ಮೇಲೆ ಮೊಲೆ ಕುಡಿಯುವ ಮಗು, ಬೆನ್ನಿಗೆ ಇನ್ನೊಂದು. ಅವರ ಹೊಲ ಸೈಟುಗಳಾಗಿ, ಗಂಡ ಅದೇ ಸೈಟುಗಳಲ್ಲಿ ಗಾರೆ ಕಲಸಲು ಹೋಗುತ್ತಿದ್ದ. ಯಾವ ಹೊತ್ತು ಉಣ್ಣಲಿಲ್ಲ ಎಂದು ಕೇಳಿದೆ. ಅವಳು ಬೆರಳು ಮಡಿಸಿದಳು. ಸೋಮವಾರ ಈಶ್ವರನಿಗೆ ಒಪ್ಪೊತ್ತು. ಮಂಗಳವಾರ ಮಾರಮ್ಮನಿಗೆ. ಗುರುವಾರ ಮನೆದೇವರಿಗೆ. ಶುಕ್ರವಾರ ಬನಶಂಕರಿ ಅಮ್ಮನಿಗೆ. ಶನಿವಾರ ಹನುಮಂತರಾಯನಿಗೆ.

ನನಗೆ ಮೈ ಜುಮ್ಮೆಂದಿತು. ನಾನು ಮಾಡುತ್ತಿದ್ದದ್ದು ಶನಿವಾರ ಒಂದು, ಅದಕ್ಕೇ ನನ್ನನ್ನು ಭಕ್ತೆ ಎನ್ನುತ್ತಿದ್ದರು. ಇವಳು ವಾರಕ್ಕೆ ಐದು ದಿನ ಒಂದೇ ಹೊತ್ತು ಉಂಡು, ಮಗುವಿಗೂ ಹಾಲು ಕೊಡುತ್ತಿದ್ದಾಳಲ್ಲ! ಫಾರಂನಲ್ಲಿ ಅದಕ್ಕೆಂದೇ ಒಂದು ಚೌಕವಿತ್ತು: ತಾವಾಗಿ ಬಿಟ್ಟದ್ದು, ವ್ರತ. ಐದಕ್ಕೂ ಅಲ್ಲೇ ಗುರುತು ಹಾಕಿದೆ. ಎದ್ದು ಬರುವಾಗ ನನ್ನ ಚೀಲದಲ್ಲಿದ್ದ ಅಮ್ಮನ ಕುಂಕುಮ ಅವಳ ಹಣೆಗಿಟ್ಟು, “ನಿನ್ನಂಥೋರ್ನ ನೋಡೋದೇ ಪುಣ್ಯ ಕಣಮ್ಮ,” ಎಂದೆ. ಅವಳು ನನ್ನ ಮುಖ ನೋಡದೆ ಮಗುವಿನ ಅಂಗಿ ಎಳೆದು ಸರಿಮಾಡಿದಳು. ಅದನ್ನು ನಾನು ವಿನಯ ಅಂದುಕೊಂಡೆ.

ಮುಂದಿನ ಮನೆಗಳಲ್ಲೂ ಹೀಗೇ. ಒಬ್ಬೊಬ್ಬರಿಗೆ ಮೂರು ವ್ರತ, ನಾಲ್ಕು ವ್ರತ. ಎಲ್ಲವನ್ನೂ ದುಂಡಗೆ ಬರೆದೆ. ಮನೆಗೆ ಬಂದು ಅತ್ತೆಗೂ ಹೇಳಿದೆ. ಇಂಥ ಊರಿಗೆ ದೇವರು ಒಳ್ಳೆಯದು ಮಾಡದೆ ಇರುತ್ತಾನೆಯೇ ಎಂದೆ.

ಮಾಮಿ ಹಾಸಿಗೆಯಿಂದ ಎದ್ದ ದಿನ, ಶಾಲು ಹೊದ್ದು ಮೆಟ್ಟಿಲ ಮೇಲೆ ಕುಳಿತು ನನ್ನ ಫಾರಂಗಳನ್ನು ಒಂದೊಂದಾಗಿ ತಿರುವಿದರು. ಮೆಚ್ಚುತ್ತಾರೆ ಎಂದು ನಾನು ಕಾಯುತ್ತಿದ್ದೆ.

“ಒಂದೇ ಬೀದೀಲಿ ಇಷ್ಟು ಭಕ್ತರಾ?” ಎಂದರು.

“ಹೌದು ಮಾಮಿ, ಕೇಳಿ ನನಗೇ ನಾಚಿಕೆ ಆಯ್ತು.”

“ನಿಮ್ಮನೇಲಿ ಉಪವಾಸದ ದಿನ ಏನೇನು ಮಾಡ್ತೀಯ?”

ನಾನು ಹೇಳಿದೆ. ಅವಲಕ್ಕಿ, ಬಾಳೆಹಣ್ಣು, ಸಬ್ಬಕ್ಕಿ, ಹಾಲು, ಸಂಜೆ ಉಪ್ಪಿಟ್ಟು. ಹೇಳುತ್ತ ಹೇಳುತ್ತ ನನ್ನ ದನಿ ಇಳಿಯಿತು.

“ಅವರ ಮನೇಲಿ ಏನು ಮಾಡಿದ್ರು ಅಂತ ಕೇಳಿದ್ಯಾ?”

ಕೇಳಿರಲಿಲ್ಲ.

“ದೇವರ ಹೆಸರು ಹೇಳಿ ಯಾರಾದ್ರೂ ಸುಳ್ಳು ಹೇಳ್ತಾರಾ ಮಾಮಿ?” ಎಂದೆ. ನನಗೆ ಅಳು ಬರುವ ಹಾಗಿತ್ತು, ಸಿಟ್ಟೂ ಇತ್ತು.

“ಸುಳ್ಳು ಅಂತ ನಾನೆಲ್ಲಿ ಅಂದೆ? ನಮ್ಮನೇಲಿ ಇಲ್ಲ ಅಂತ ಹೇಳೋದಕ್ಕಿಂತ, ದೇವರಿಗೆ ಬಿಟ್ಟಿದೀನಿ ಅಂತ ಹೇಳೋದು ಮರ್ಯಾದೆ ಅಲ್ವಾಮ್ಮ.” ಅವರು ಫಾರಂಗಳನ್ನು ಮಡಿಲಲ್ಲಿಟ್ಟುಕೊಂಡರು. “ನಾಡಿದ್ದು ಒಪ್ಪಿಸಬೇಕು. ಆಫೀಸರು ಇದನ್ನ ನೋಡ್ತಾರೆ. ಈ ಊರಲ್ಲಿ ಯಾರಿಗೂ ಹಸಿವಿಲ್ಲ, ಭಕ್ತಿ ಇದೆ ಅಂತ ಬರೀತಾರೆ. ಊಟದ ಕೇಂದ್ರ ಆ ಕಡೆ ಊರಿಗೆ ಹೋಗುತ್ತೆ.”

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆ ಸಂಜೆ ದೇವರ ಮುಂದೆ ದೀಪ ಹಚ್ಚಿ ಕುಳಿತೆ. ಆ ದಿನ ದೇವರು ಕೊಟ್ಟ ಸಣ್ಣಪುಟ್ಟ ಒಳ್ಳೆಯದನ್ನೆಲ್ಲ ದೀಪದ ಮುಂದೆ ಎಣಿಸಿ ಹೇಳುವುದು ನನ್ನ ಅಭ್ಯಾಸ. ನಲ್ಲಿಯಲ್ಲಿ ನೀರು ಬಂತು, ಮಗಳ ಕೆಮ್ಮು ಕಡಿಮೆಯಾಯಿತು, ಹೀಗೆ. ಅವತ್ತು ಎಣಿಕೆ ಮುಂದೆ ಹೋಗಲಿಲ್ಲ. ಬೇರೊಂದು ನೆನಪು ಬಂತು. ಅತ್ತೆಯ ಕಡೆಯ ನೆಂಟರು ಹೇಳದೆ ಕೇಳದೆ ಐದಾರು ಜನ ಬರುವುದಿತ್ತು. ಎಲ್ಲರಿಗೂ ಬಡಿಸಿ ಪಾತ್ರೆ ನೋಡಿದರೆ ತಳ. ಮತ್ತೆ ಅಕ್ಕಿ ಇಡುತ್ತೇನೆ ಎಂದರೆ ನೆಂಟರಿಗೆ ಸಂಕೋಚ, ಅತ್ತೆಗೆ ಅವಮಾನ. ಆಗೆಲ್ಲ ನಾನು ಏನನ್ನುತ್ತಿದ್ದೆ? “ನನಗಿವತ್ತು ಒಪ್ಪೊತ್ತು.” ಎಷ್ಟು ಸಲ ಅಂದಿದ್ದೆನೋ… ಅತ್ತೆ ಅದನ್ನೇ ಪಕ್ಕದ ಮನೆಯವರಿಗೆ ಹೇಳಿಕೊಂಡು ಹಿಗ್ಗುತ್ತಿದ್ದರು: ನಮ್ಮ ಸೊಸೆ ಎಷ್ಟು ವ್ರತ ಮಾಡ್ತಾಳೆ ನೋಡಿ.

ದೇವರ ಮುಂದೆ ತಲೆ ಎತ್ತಲಾಗಲಿಲ್ಲ.

ಮರುದಿನ ಮಂಗಳವಾರವೂ ಅಲ್ಲ, ಶುಕ್ರವಾರವೂ ಅಲ್ಲ. ಅತ್ತೆಗೆ ನಿಜವನ್ನೇ ಹೇಳಿದೆ. “ತಪ್ಪು ಬರೆದು ಬಂದಿದೀನಿ, ತಿದ್ದಿ ಬರ್ಬೇಕು ಅತ್ತೆ.” ಅವರು ಒಂದು ನಿಮಿಷ ನನ್ನನ್ನು ನೋಡಿ, “ಬೇಗ ಬಾ,” ಎಂದರು. ಮಾಮಿ ಮೇಲಿಂದ ಫಾರಂ ಕೊಟ್ಟು ಒಂದೇ ಮಾತು ಹೇಳಿದರು: “ಅಳಿಸಬೇಡ. ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆ. ಮೇಲಿನದನ್ನ ಅಳಿಸಿದ್ರೂ ಕಾರ್ಬನ್ ಕೆಳಗಿನದು ಅಳಿಸೋಕೆ ಬರಲ್ಲ.”

ಹುಣಸೆಮರದ ಮನೆಯವಳು ಹೊರಗೆ ಸೌದೆ ಸೀಳುತ್ತಿದ್ದಳು. ನನ್ನನ್ನು ಕಂಡು ಕೈ ನಿಂತಿತು. ಏನೆಂದು ಕೇಳಲಿ? ನೀನು ಹೇಳಿದ್ದು ನಿಜವೇ ಎಂದು ಕೇಳಿದರೆ ಅವಳ ಮರ್ಯಾದೆ ತೆಗೆದಂತೆ. ಜಗಲಿಯ ಮೇಲೆ ಕುಳಿತು ನನ್ನ ಕಥೆಯನ್ನೇ ಹೇಳಿದೆ. ನೆಂಟರು ಬಂದದ್ದು, ಪಾತ್ರೆ ತಳ ಕಂಡದ್ದು, ಒಪ್ಪೊತ್ತು ಎಂದದ್ದು, ನೀರು ಕುಡಿದು ಮಲಗಿದ್ದು. ಯಜಮಾನರಿಗೂ ಹೇಳದ ಮಾತು ಅದು.

ಅವಳು ಕೇಳಿಸಿಕೊಂಡು, ತಲೆ ಒಂದು ಕಡೆ ವಾಲಿಸಿ ನನ್ನನ್ನು ನೋಡಿದಳು. ಆಮೇಲೆ ನಕ್ಕಳು.

“ನಿಮ್ಮಂತ ಮನೇಲೂವಾ?”

“ನಮ್ಮಂಥ ಮನೇಲೂ.”

ಸೌದೆ ಚೂರುಗಳನ್ನು ಒಟ್ಟು ಮಾಡುತ್ತ ಮೆಲ್ಲಗೆ ಹೇಳಿದಳು: “ಸನಿವಾರ ಮಾತ್ರ ದೇವ್ರುದು ಅಕ್ಕಾ. ಮಿಕ್ಕಿದ್ದೆಲ್ಲಾ ನಮ್ದೇ.”

ನಾನು ಪೆನ್ನು ತೆಗೆಯಲಿಲ್ಲ. ಅವಳೇ ಮುಂದುವರಿಸಿದಳು. “ಹೊಲ ಇದ್ದಾಗ ಮನೇಲೇ ರಾಗಿ ಇರ್ತಿತ್ತು. ಈಗ ಅವ್ರು ಕೂಲಿ ತಂದ್ರೆ ರಾಗಿ, ತರ್ಲಿಲ್ಲ ಅಂದ್ರೆ ಇಲ್ಲ. ಮಕ್ಳಿಗೆ, ಅವ್ರಿಗೆ ಹಾಕಿ ಉಳುದ್ರೆ ನಂಗೆ. ಬರ್ಕೊಂಡ್ರೆ ಏನಾಯ್ತದೆ? ಊರೋರು ಆಡ್ಕೊಳಲ್ವಾ?”

ಹೆಸರು ಯಾರಿಗೂ ಹೇಳುವುದಿಲ್ಲ, ಬರೀ ಮನೆ ನಂಬರು ಎಂದೆ. ಊಟದ ಕೇಂದ್ರದ ವಿಷಯವನ್ನೂ ಇದ್ದದ್ದು ಇದ್ದಂತೆ ಹೇಳಿದೆ. ಬಂದರೂ ಬರಬಹುದು, ಬರದೆಯೂ ಇರಬಹುದು. ಅವಳು ಯೋಚಿಸಿದಳು.

“ಬರ್ಕಳಿ. ನಮ್ಮತ್ತೆಗೆ ಕೇಳುಸ್ದಂಗೆ ಬರ್ಕಳಿ.”

ನಾಲ್ಕು ವ್ರತದ ಮೇಲೆ ಗೆರೆ ಎಳೆದೆ. ಶನಿವಾರವನ್ನು ಹಾಗೇ ಬಿಟ್ಟೆ. ಎದ್ದು ಪಕ್ಕದ ಮನೆಗೆ ಹೊರಟಾಗ ಅವಳು ಮಗುವನ್ನು ಸೊಂಟಕ್ಕೆ ಹಾಕಿಕೊಂಡು ನನ್ನ ಜೊತೆಗೇ ಬಂದಳು. “ನೀವು ಕೇಳುದ್ರೆ ಹೇಳಲ್ಲ, ನಾನ್ ಕೇಳ್ತೀನಿ ಇರಿ.” ಪಕ್ಕದ ಬಾಗಿಲಲ್ಲಿ ನಿಂತು ಕೂಗಿದಳು: “ಏಯ್, ಬಾರೆ ಇಲ್ಲಿ. ವಾರ್ದಾಗೆ ದೇವ್ರುದು ಎಷ್ಟು ದಿನ, ನಿಂದೆಷ್ಟು ದಿನ? ನಿಜ ಹೇಳು. ಈ ಅಕ್ಕನೂ ನಮ್ಮಂಗೇ ಕಳ್ಳಿನೇ.”

ಬೀದಿಯ ಆ ತುದಿ ಮುಟ್ಟುವ ಹೊತ್ತಿಗೆ ನಮ್ಮ ಹಿಂದೆ ಏಳೆಂಟು ಹೆಂಗಸರು. ಒಬ್ಬರನ್ನೊಬ್ಬರು ರೇಗಿಸುತ್ತ, ನಗುತ್ತ, ಹೇಳಿದರು. ನಗುತ್ತಲೇ ಒಬ್ಬಳು ಕಣ್ಣೊರೆಸಿಕೊಂಡಳು. ಎಷ್ಟೋ ಗೆರೆ ಎಳೆದೆ ಆ ದಿನ. ನನ್ನ ದುಂಡು ಅಕ್ಷರವೆಲ್ಲ ಗೀಚುಗೀಚಾಗಿ, ಫಾರಂ ನೋಡುವ ಹಾಗಿರಲಿಲ್ಲ.

ಮಾಮಿ ಅವನ್ನು ನೋಡಿ ತಲೆಯಾಡಿಸಿದರು, ಅಷ್ಟೇ. ಪೆನ್ನು ತೆಗೆದುಕೊಂಡು ಪ್ರತಿ ಫಾರಂನ ಕೆಳಗೂ ಬರೆಯತೊಡಗಿದರು: ನನಗೆ ಹುಷಾರಿಲ್ಲದ ಕಾರಣ ಇದನ್ನು ಕೇಳಿ ಬರೆದವರು ಕೆಳಮನೆಯ ಗೃಹಿಣಿ, ಮೊದಲು ತಪ್ಪಾಗಿ ಬರೆದಿತ್ತು, ಮತ್ತೆ ಹೋಗಿ ತಿದ್ದಿದ್ದಾರೆ. ನನ್ನ ಹೆಸರು ಬರೆದು, ಅದರ ಕೆಳಗೆ ತಮ್ಮ ಸಹಿ.

“ಇದನ್ನ ಬರೆದ್ರೆ ನಿಮಗೆ ತೊಂದರೆ ಆಗಲ್ವಾ ಮಾಮಿ?”

“ಆಗುತ್ತೆ.”

“ಮತ್ತೆ?”

“ಅಷ್ಟು ಜನರ ಮನೆಗೆ ಹೋಗಿ ನಿಜ ಹೇಳಿ, ನಿಜ ಹೇಳಿ ಅಂತ ಕೇಳಿ ಬಂದು, ನಾನು ಮಾತ್ರ ಸುಳ್ಳು ಬರೀಲಾ?”

ತೊಂದರೆ ಆಯಿತು. ಹೊರಗಿನವರ ಕೈಲಿ ಫಾರಂ ಬರೆಸಿದ್ದಕ್ಕೆ ಮೆಮೊ ಬಂತು. ಅವರನ್ನು ಊರೂರು ತಿರುಗುವ ಕೆಲಸದಿಂದ ತೆಗೆದು ಆಫೀಸಿನೊಳಗೆ ಮೇಜಿನ ಮುಂದೆ ಕೂರಿಸಿದರು. ನಿಯಮವೇ ಹಾಗಿತ್ತು, ಯಾರನ್ನೂ ದೂರುವ ಹಾಗಿಲ್ಲ. ಮಾಮಿ ದೂರಲಿಲ್ಲ. ಗಂಡಸರ ಚಪ್ಪಲಿ ಮಾತ್ರ ಬಾಗಿಲ ಹೊರಗೆ ಧೂಳಿಲ್ಲದೆ ಇರತೊಡಗಿತು. ನನ್ನಿಂದ ಆದದ್ದು. ಅದನ್ನು ನಾನು ಮರೆತಿಲ್ಲ.

ಆದರೆ ಅವರು ಬರೆದ ಆ ಸಾಲಿನಿಂದಲೇ ಆಫೀಸಿಗೆ ಅನುಮಾನ ಬಂದು, ಆ ಬೀದಿಯನ್ನು ಮತ್ತೊಮ್ಮೆ ಕೇಳಿಬರಲು ಬೇರೆ ಇಬ್ಬರನ್ನು ಕಳಿಸಿದರಂತೆ. ಬೀದಿಯ ಹೆಂಗಸರು ಈ ಸಲ ಯಾರ ಮುಂದೆಯೂ ವ್ರತದ ಮಾತೆತ್ತಲಿಲ್ಲವಂತೆ. ಇದ್ದದ್ದು ಇದ್ದ ಹಾಗೆ ಹೇಳಿದರಂತೆ. ಮುಂದಿನ ಮಳೆಗಾಲ ಕಳೆಯುವ ಹೊತ್ತಿಗೆ ಊಟದ ಕೇಂದ್ರ ಇಟ್ಟಮಡುವಿಗೆ ಬಂತು.

ನಾನೂ ಮಾಮಿಯೂ ನೋಡಲು ಹೋದೆವು. ಮಾರಮ್ಮನ ಗುಡಿಯ ಹಿಂದೆ ಶೀಟು ಹಾಕಿದ ಒಂದು ಕೋಣೆ. ಮನೆಗೆ ಒಯ್ಯುವ ಹಾಗಿಲ್ಲ, ಅಲ್ಲೇ ಕುಳಿತು ಉಣ್ಣಬೇಕು ಎಂಬುದು ಅಲ್ಲಿಯ ನಿಯಮ. ಚಾಪೆಯ ಮೇಲೆ ಸಾಲಾಗಿ ಹೆಂಗಸರು, ಮಕ್ಕಳು. ಅಲ್ಯೂಮಿನಿಯಂ ತಟ್ಟೆಯಲ್ಲಿ ಗೋಧಿ ನುಚ್ಚಿನ ಉಪ್ಪಿಟ್ಟು ಹೊಗೆಯಾಡುತ್ತಿತ್ತು. ಬಡಿಸುವ ಕೆಲಸ ಹುಣಸೆಮರದ ಮನೆಯವಳಿಗೇ ಸಿಕ್ಕಿತ್ತು. ತಾನು ಬಡಿಸಿ ಮುಗಿಸಿದ ಮೇಲೆ ಅಡಿಗೆಯವಳು ತನಗೆ ಬಡಿಸುತ್ತಾಳೆ ಎಂದು ನನ್ನ ಕಿವಿಯಲ್ಲಿ ಹೇಳಿ ಹೋದಳು.

ಮಾಮಿ ಬಾಗಿಲಲ್ಲೇ ನಿಂತಿದ್ದರು. ಬಸುರಿಯರು, ಬಾಣಂತಿಯರು ಕುಳಿತ ಜಾಗ. ಮಾಮಿ ತಾವಾಗಿ ಒಳಗೆ ಬರುವುದಿಲ್ಲವೆಂದು ನನಗೆ ಗೊತ್ತಾಯಿತು. ಬಡಿಸುತ್ತಿದ್ದವಳಿಗೂ ಗೊತ್ತಾಯಿತೇನೋ. ಸೌಟು ಹಿಡಿದುಕೊಂಡೇ ಬಂದು ಮಾಮಿಯ ಮುಂಗೈ ಹಿಡಿದು ಎಳೆದಳು. “ಬನ್ನಿ ಅಜ್ಜಿ, ಕೂತ್ಕಳಿ. ಎಲ್ಲಾರ್ಗೂ ಯಾರು ಬಡುಸಿದ್ರು ಅಂತ ಕೇಳ್ಕೊಂಡು ತಿರುಗ್ತಿದ್ರಲ್ಲ.” ಸಾಲಿನ ಮೊದಲಲ್ಲಿ ಕೂರಿಸಿದಳು. ಬಸುರಿಯೊಬ್ಬಳು ಸರಿದು ಜಾಗ ಕೊಟ್ಟಳು.

ತಟ್ಟೆ ನೋಡಿ ಮಾಮಿ ನನ್ನ ಕಡೆ ತಿರುಗಿ, “ಈಗ ನಾನು ಫೀಲ್ಡ್ ಕೆಲಸದಲ್ಲಿ ಇಲ್ವಲ್ಲಮ್ಮ, ತಿನ್ನಬಹುದು,” ಎಂದರು. ಕೆಳಗಿಟ್ಟ ಕೊಡೆ ಉರುಳಿ ಹೋಗದಂತೆ ಮೊಣಕಾಲಿಂದ ಒತ್ತಿ ಹಿಡಿದು, ನಿಧಾನವಾಗಿ, ಒಂದು ಕಾಳೂ ಬಿಡದೆ ತಿಂದರು.

ಎಂಬತ್ತರ ದಶಕದ ಮಧ್ಯದಲ್ಲಿ ಅವರು ನಿವೃತ್ತರಾಗಿ ತಿರುಚ್ಚಿ ಕಡೆ ಅಣ್ಣನ ಮಗನ ಮನೆಗೆ ಹೋದರು. ಮೊದಮೊದಲು ಕಾರ್ಡು ಬರೆಯುತ್ತಿದ್ದರು. ಅಲ್ಲಿಯ ಬೀದಿಯಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತದೆ, ಹೆಣ್ಣುಮಕ್ಕಳು ಎಷ್ಟರವರೆಗೆ ಓದುತ್ತಿದ್ದಾರೆ, ಅದೇ ವಿಷಯಗಳು. ಆಮೇಲೆ ಕಾರ್ಡು ನಿಂತಿತು. ನಾವೂ ಮನೆ ಬದಲಾಯಿಸಿದೆವು. ಅವರು ತೀರಿಕೊಂಡು ಎರಡು ವರ್ಷವಾದ ಮೇಲೆ ಹಳೆಯ ಮನೆಯ ಓನರ್ ಮೂಲಕ ಸುದ್ದಿ ತಿಳಿಯಿತು. ಯಾವ ತಿಂಗಳು, ಯಾವ ತಿಥಿ ಎಂದು ಕೇಳಿದೆ. ಅವರಿಗೂ ಗೊತ್ತಿರಲಿಲ್ಲ. ಹಾಗಾಗಿ ಇಂಥ ದಿನವೆಂದು ನೆನೆಯಲು ನನಗೆ ಒಂದು ದಿನವೂ ಇಲ್ಲ…

ಈಗ ಇಟ್ಟಮಡುವಿನಲ್ಲಿ ಆ ಬೀದಿ ಯಾವುದೆಂದು ಹುಡುಕಿದರೂ ಸಿಗುವುದಿಲ್ಲ, ಎಲ್ಲ ಮೂರು ನಾಲ್ಕು ಅಂತಸ್ತು. ಒಳ್ಳೆಯದೇ ಆಯಿತು, ಬಹಳ ಜನರಿಗೆ ಸೂರು ಸಿಕ್ಕಿತು. ಟಿವಿಯಲ್ಲಿ ದೇಶ ಇಷ್ಟು ಬೆಳೆಯಿತು, ಅಷ್ಟು ಬೆಳೆಯಿತು ಎಂದು ಹೇಳುವಾಗ ನಾನು ಕೈಮುಗಿಯುತ್ತೇನೆ, ಬೆಳೆಯಲಿ. ಜೊತೆಗೆ ಒಂದು ಹೆಮ್ಮೆಯೂ ಇದೆ, ಇದುವರೆಗೆ ಯಾರಿಗೂ ಹೇಳಿಕೊಂಡಿಲ್ಲ. ದೇಶ ಅಳೆಯುವ ಕೆಲಸದಲ್ಲಿ ನಾನೂ ಒಂದು ಬೀದಿ ಅಳೆದಿದ್ದೇನೆ. ಮೊದಲು ತಪ್ಪಾಗಿ, ಆಮೇಲೆ ಸರಿಯಾಗಿ.

ಮೊನ್ನೆ ಮಧ್ಯಾಹ್ನ ಮಗನ ಸ್ನೇಹಿತರು ಕುಟುಂಬ ಸಮೇತ ಬಂದರು. ಎಲ್ಲರೂ ಉಂಡೆದ್ದ ಮೇಲೆ ಅಡಿಗೆಮನೆಗೆ ಹೋದರೆ ಕುಕ್ಕರಿನಲ್ಲಿ ಏನೂ ಉಳಿದಿರಲಿಲ್ಲ. ಸೊಸೆ ನನ್ನ ಮುಖ ನೋಡಿದಳು. ನನಗೆ ಬೇಡಮ್ಮ ಇವತ್ತು, ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, “ನನಗೆ ಹಸಿವಾಗ್ತಿದೆ ಕಣೆ,” ಎಂದೆ. ಎಪ್ಪತ್ತು ದಾಟಿದ ಮೇಲೆ, ಜೀವನದಲ್ಲೇ ಮೊದಲ ಸಲ ಹೇಳಿದ್ದು. ಅವಳು ಆಶ್ಚರ್ಯಪಡಲೂ ಇಲ್ಲ. “ಹತ್ತು ನಿಮಿಷ ಅತ್ತೆ, ನನಗೂ ಹಸಿವು,” ಎಂದು ಅಕ್ಕಿ ತೊಳೆದು ಇಟ್ಟಳು.

ಕುಕ್ಕರ್ ಕೂಗುವುದನ್ನು ಕಾಯುತ್ತ ಕುಳಿತಾಗ ಇದನ್ನು ಮಾಮಿಗೆ ಹೇಳಬೇಕು ಅನ್ನಿಸಿತು. ಅವರಾದರೆ ನಗದೆ ಬರೆದುಕೊಳ್ಳುತ್ತಿದ್ದರು. ಹೇಳಲು ಅವರಿಲ್ಲ.